ದಿಲ್ಲಿ ಆಟೋ ಶೋದಲ್ಲಿ ಪರದೆ ತೆಗೆದ ಹೊಸ ಗಾಡಿಗಳು (2025): ಪದೇ ಪದೇ ಕೇಳೋ ಪ್ರಶ್ನೆಗಳು

ಶೋ ಮುಗಿದು ಎಷ್ಟೋ ದಿನ ಆದ್ರೂ ಪ್ರಶ್ನೆಗಳು ನಿಂತಿಲ್ಲ. ಯಾರೋ ಒಂದು ರೀಲ್ ನೋಡ್ತಾರೆ, ಫಾರ್ವರ್ಡ್ ಮಾಡ್ತಾರೆ, ಕೆಳಗೆ ‘ಇದು ಬಂತಾ, ಎಷ್ಟಂತೆ’ ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಎಲ್ಲ ಒಂದೇ ಕಡೆ ಹಾಕಿದೀನಿ. ಕೆಳಗಿರೋ ಬೆಲೆಗಳೆಲ್ಲ ಎಕ್ಸ್ ಶೋರೂಮ್, ಅಂದ್ರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸದ್ದು, ಕಂಪನಿ ಮೊದಲ ಸಲ ಹೇಳಿದ ಆರಂಭದ ಬೆಲೆ. ಆಮೇಲೆ ಏರಿರಬಹುದು ಇಳಿದಿರಬಹುದು, ಅದಕ್ಕೆ ನನ್ನ ಮೇಲೆ ಬೀಳ್ಬೇಡಿ.

ಆಟೋ ಎಕ್ಸ್‌ಪೋ ಅಂತಾರೆ, ಭಾರತ್ ಮೊಬಿಲಿಟಿ ಅಂತಾರೆ, ಎರಡೂ ಒಂದೇನಾ?

ಈಗ ಒಂದೇ ಅನ್ಕೊಳ್ಳಿ. ಆಟೋ ಎಕ್ಸ್‌ಪೋ ಹಳೇದು, 1986ರಲ್ಲಿ ದಿಲ್ಲಿ ಪ್ರಗತಿ ಮೈದಾನದಲ್ಲಿ ಶುರುವಾಗಿದ್ದು. 1998ರಲ್ಲಿ ಜನ ಟಾಟಾ ಇಂಡಿಕಾನ ಮೊದಲು ನೋಡಿದ್ದು ಅಲ್ಲೇ, 2008ರ ಜನವರಿ 10ಕ್ಕೆ ರತನ್ ಟಾಟಾ ನ್ಯಾನೋನ ತಾವೇ ಓಡಿಸ್ಕೊಂಡು ಸ್ಟೇಜಿಗೆ ಬಂದಿದ್ದೂ ಅಲ್ಲೇ. ಆಮೇಲೆ 2014ರಿಂದ ಗಾಡಿಗಳ ಶೋ ಗ್ರೇಟರ್ ನೋಯ್ಡಾಗೆ ಹೋಯ್ತು, 2023ರ ಶೋ ಕೂಡ ಅಲ್ಲೇ ನಡೀತು. 2024ರ ಫೆಬ್ರವರಿಯಲ್ಲಿ ಭಾರತ್ ಮೊಬಿಲಿಟಿ ಗ್ಲೋಬಲ್ ಎಕ್ಸ್‌ಪೋ ಅಂತ ಹೊಸ ಹೆಸರಲ್ಲಿ ಒಂದು ಮಾಡಿದ್ರು, 2025ಕ್ಕೆ ಆಟೋ ಎಕ್ಸ್‌ಪೋನ ಅದರೊಳಗೇ ಸೇರಿಸಿಬಿಟ್ರು.

ಹಾಗಾಗಿ 2025ರ ಜನವರಿ 17ರಿಂದ 22ರವರೆಗೆ ನಡೆದಿದ್ದು ಒಂದೇ ಮೇಳ, ಆದ್ರೆ ಮೂರು ಕಡೆ. ಕಾರು, ಬೈಕು, ಬಸ್ಸು ಭಾರತ್ ಮಂಡಪಂನಲ್ಲಿ, ಅಂದ್ರೆ ಅದೇ ಹಳೇ ಪ್ರಗತಿ ಮೈದಾನ. ಬಿಡಿಭಾಗಗಳು ದ್ವಾರಕಾದ ಯಶೋಭೂಮಿಯಲ್ಲಿ. ಮಣ್ಣು ತೆಗೆಯೋ, ರೋಡ್ ಹಾಕೋ ಮಷೀನುಗಳು ಗ್ರೇಟರ್ ನೋಯ್ಡಾದಲ್ಲಿ. ಉದ್ಘಾಟನೆಗೆ ಪ್ರಧಾನಿ ಮೋದಿ ಬಂದಿದ್ರು.

ಅಲ್ಲಿ ತೋರಿಸಿದ್ದೆಲ್ಲ ಹೊಸದಾಗಿ ಲಾಂಚ್ ಆಯ್ತು ಅಂತ ತಾನೇ ಅರ್ಥ?

ಇಲ್ಲ ಸ್ವಾಮಿ, ಎಲ್ಲರೂ ಎಡವೋದು ಇಲ್ಲೇ. ಸ್ಟೇಜ್ ಮೇಲೆ ಲೈಟ್ ಹಾಕಿ ಬಟ್ಟೆ ಎಳೆದ ತಕ್ಷಣ ಲಾಂಚ್ ಅಂತ ಯೂಟ್ಯೂಬಿನವರು ಕೂಗ್ತಾರೆ, ಆದ್ರೆ ಬಟ್ಟೆ ಎಳೆಯೋದ್ರಲ್ಲೂ ನಾಲ್ಕು ತರ ಇದೆ. ಕಾನ್ಸೆಪ್ಟ್ ಅಂದ್ರೆ ಮನೆಯವರು ಫೋಟೋ ನೋಡಿ ‘ಹುಡುಗಿ ಚೆನ್ನಾಗಿದಾಳೆ’ ಅಂದಹಾಗೆ, ಅಷ್ಟೇ. ಆಮೇಲೆ ಪ್ರೊಡಕ್ಷನ್ ಮಾಡೆಲ್ ತೋರಿಸ್ತಾರೆ, ಅದು ನಿಶ್ಚಿತಾರ್ಥ, ಕಾರು ಇದೇ ಅಂತ ಗೊತ್ತಾಯ್ತು ಆದ್ರೆ ಡೇಟ್ ಇಲ್ಲ. ಬೆಲೆ ಹೇಳಿದ ದಿನ ಮದುವೆ. ನಾಲ್ಕನೇದು ಬೇರೆ ದೇಶದಲ್ಲಿ ಆಗಲೇ ಮಾರ್ತಿರೋ ಕಾರನ್ನ ಇಲ್ಲಿ ತಂದು ನಿಲ್ಲಿಸಿ ಜನ ಏನಂತಾರೆ ಅಂತ ನೋಡೋದು, ಇದು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ.

ಒಂದೇ ಹಾಲಿನಲ್ಲಿ ಈ ನಾಲ್ಕೂ ಅಕ್ಕಪಕ್ಕ ನಿಂತಿರುತ್ತೆ, ಒಂದೇ ತರ ಲೈಟು, ಒಂದೇ ತರ ಮ್ಯೂಸಿಕ್ಕು. ಹಾಗಾಗಿ ಯಾವ ಹೊಸ ಗಾಡಿ ಬಗ್ಗೆ ಕೇಳಿದ್ರೂ ನಾನು ಮೊದಲು ನೋಡೋದು ಬೆಲೆ ಹೇಳಿದಾರಾ ಇಲ್ವಾ ಅಂತ. ಬೆಲೆ ಹೇಳಿಲ್ಲ ಅಂದ್ರೆ ಕಾಯೋ ಆಟ, ಅದು ಆರು ತಿಂಗಳೂ ಆಗಬಹುದು ಐದು ವರ್ಷವೂ ಆಗಬಹುದು. ಉತ್ಪ್ರೇಕ್ಷೆ ಅಲ್ಲ, ಸಿಯೆರಾ ಕತೆ ಕೆಳಗೆ ಓದಿ.

ಹಾಗಾದ್ರೆ ಅಲ್ಲೇ ಬೆಲೆ ಹೇಳಿ ನಿಜವಾಗ್ಲೂ ಲಾಂಚ್ ಆದ ದೊಡ್ಡ ಕಾರು ಯಾವ್ದು?

ನನ್ನ ಲೆಕ್ಕದಲ್ಲಿ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್. ಫೋಟೋ, ಡೀಟೇಲ್ಸ್ ಎಲ್ಲ ಜನವರಿ 2ಕ್ಕೇ ಬಿಟ್ಟಿದ್ರು, ಶೋ ಮೊದಲನೇ ದಿನ 17ಕ್ಕೆ ಬೆಲೆ ಹೇಳಿದ್ರು, 17.99 ಲಕ್ಷದಿಂದ ಶುರು. ಎರಡು ಬ್ಯಾಟರಿ, 42 ಕಿಲೋವ್ಯಾಟ್ ಅವರ್‌ದು 390 ಕಿಲೋಮೀಟರ್, 51.4ದು 473 ಕಿಲೋಮೀಟರ್ ಅಂತ ಕಂಪನಿ ಆವತ್ತು ಹೇಳಿದ ರೇಂಜ್. ಕಿಲೋವ್ಯಾಟ್ ಅವರ್ ಅಂದ್ರೆ ತಲೆ ಕೆಡಿಸ್ಕೋಬೇಡಿ, ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್, ಅಷ್ಟೇ. 51.4 ಯೂನಿಟ್ ಹಿಡಿಯೋ ಬ್ಯಾಟರಿ.

ಹತ್ತಿರ ನಿಂತು ನೋಡಿದ್ರೆ ಪೆಟ್ರೋಲ್ ಕ್ರೆಟಾ ಅನ್ನೋದು ಮರೆಯಲ್ಲ, ಬಾಗಿಲು, ಕಿಟಕಿ, ಗ್ಲಾಸು ಎಲ್ಲ ಅದೇ. ಮುಂದೆ ಗ್ರಿಲ್ ಮುಚ್ಚಿದಾರೆ, ಹ್ಯುಂಡೈ ಲೋಗೋ ಇರೋ ಜಾಗದಲ್ಲೇ ಚಾರ್ಜಿಂಗ್ ಬಾಗಿಲು, ಬಂಪರ್ ಕೆಳಗೆ ತಾವಾಗೇ ತೆಗೆದು ಮುಚ್ಚೋ ಗಾಳಿ ಪಟ್ಟಿಗಳು. ಒಳಗೆ ಗೇರ್ ಲಿವರ್ ಇದ್ದ ಕಡೆ ಖಾಲಿ, ಗೇರು ಸ್ಟೀರಿಂಗ್ ಪಕ್ಕದ ಕಡ್ಡಿಗೆ ಬಂದಿದೆ, ಅದನ್ನ ತಿರುಗಿಸ್ಬೇಕು. ಬಾನೆಟ್ ಕೆಳಗೆ 22 ಲೀಟರಿನ ಚಿಕ್ಕ ಡಿಕ್ಕಿ, ಚಾರ್ಜರ್ ಕೇಬಲ್ ಇಡೋಕೆ ಸರಿಹೋಗುತ್ತೆ. ಫಾಸ್ಟ್ ಚಾರ್ಜರಿನಲ್ಲಿ 10ರಿಂದ 80 ಪರ್ಸೆಂಟಿಗೆ 58 ನಿಮಿಷ ಅಂತಾರೆ, ಇವತ್ತಿನ ಕಾಲಕ್ಕೆ ಅದು ಅಂಥಾ ಸ್ಪೀಡ್ ಏನಲ್ಲ.

ಪೆಟ್ರೋಲ್ ಗಾಡಿ ಮೇಲೇ ಬ್ಯಾಟರಿ ಕೂರಿಸಿದ್ದು ಅಂತ ಕೆಲವರು ಮೂಗು ಮುರೀತಾರೆ. ಇರಬಹುದು. ಆದ್ರೆ ಮನೆಯಲ್ಲಿ ಅಪ್ಪ ಅಮ್ಮನಿಗೆ ಗೊತ್ತಿರೋ ಕಾರು, ಊರೂರಲ್ಲೂ ಸರ್ವಿಸ್ ಇರೋ ಕಾರು, ಅದು ಎಲೆಕ್ಟ್ರಿಕ್ ಆಗಿ ಬಂದಾಗ ಹೆದರಿಕೆ ಅರ್ಧ ಕಮ್ಮಿ ಆಗುತ್ತೆ. ಮಾರಾಟದ ದೃಷ್ಟಿಯಿಂದ ಅದು ಬುದ್ಧಿವಂತಿಕೆ ಅಂತಾನೇ ನನಗನ್ಸುತ್ತೆ.

ಮಾರುತಿ ಇ ವಿಟಾರಾ? ಅದಕ್ಕೇ ಕಾಯ್ತಾ ಇದ್ವಿ.

ನೀವೊಬ್ರೇ ಅಲ್ಲ. ಮಾರುತಿಯ ಮೊದಲ ಎಲೆಕ್ಟ್ರಿಕ್ ಕಾರು ಅಂದಮೇಲೆ ಸ್ಟಾಲಲ್ಲಿ ಜನ ಮುತ್ತಿಕೊಳ್ಳೋದು ಸಹಜ. ಇದರ ಜಾತಕ ನೋಡಿ. 2023ರ ಜನವರಿ ಆಟೋ ಎಕ್ಸ್‌ಪೋದಲ್ಲಿ ಇವಿಎಕ್ಸ್ ಅಂತ ಕಾನ್ಸೆಪ್ಟ್ ತೋರಿಸಿದ್ರು. 2024ರ ನವೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರೊಡಕ್ಷನ್ ಮಾಡೆಲ್ ಬಿಚ್ಚಿಟ್ರು. 2025ರ ಜನವರಿಯಲ್ಲಿ ದಿಲ್ಲಿಗೆ ತಂದ್ರು, 49 ಮತ್ತು 61 ಕಿಲೋವ್ಯಾಟ್ ಅವರ್ ಬ್ಯಾಟರಿ, 500 ಕಿಲೋಮೀಟರಿಗೂ ಮೇಲೆ ರೇಂಜ್ ಅಂದ್ರು, ಬೆಲೆ ಮಾತ್ರ ಹೇಳಲಿಲ್ಲ. ಆಗಸ್ಟ್ 26ಕ್ಕೆ ಗುಜರಾತಿನ ಹಂಸಲ್‌ಪುರ ಫ್ಯಾಕ್ಟರಿಯಿಂದ ಎಕ್ಸ್‌ಪೋರ್ಟ್‌ಗೆ ಪ್ರಧಾನಿ ಹಸಿರು ಬಾವುಟ ತೋರಿಸಿದ್ರು. ನಮ್ಮಲ್ಲೇ ತಯಾರಾಗಿ ಯುರೋಪಿಗೆ ಹಡಗು ಹತ್ತಿದ ಕಾರಿಗೆ 2025ರ ಕೊನೇವರೆಗೂ ಇಲ್ಲಿ ಬೆಲೆ ಬರಲಿಲ್ಲ.

ಬೇಜಾರಾಗುತ್ತೆ ನಿಜ. ಆದ್ರೆ ಇದ್ರಲ್ಲಿ ಮೋಸ ಏನಿಲ್ಲ, ಶೋದಲ್ಲಿ ಅವರು ಕಾರು ತೋರಿಸ್ತೀವಿ ಅಂದ್ರು, ತೋರಿಸಿದ್ರು. ಮುಂದಿನ ತಿಂಗಳು ಸಿಗುತ್ತೆ ಅಂತ ಅನ್ಕೊಂಡಿದ್ದು ನಾವು. ಹಾಗೇ ಇನ್ನೊಂದು ವಿಷ್ಯ, ಇದೇ ಕಾರಿನ ಟೊಯೋಟಾ ಅವತಾರಾನೂ ಇದೆ, ಅರ್ಬನ್ ಕ್ರೂಸರ್ ಹೆಸರಲ್ಲಿ. ಟೊಯೋಟಾ ಅಂದ ತಕ್ಷಣ ಬಿಡದಿಯಲ್ಲಿ ಮಾಡ್ತಾರೆ ಅಂತ ನಮ್ಮವರು ಖುಷಿಪಡ್ತಾರೆ, ಇದು ಮಾತ್ರ ಸುಜುಕಿಯವರ ಗುಜರಾತ್ ಫ್ಯಾಕ್ಟರಿಯದ್ದೇ.

ಟಾಟಾ ಸಿಯೆರಾ ಕತೆ ಏನು? ಎಷ್ಟು ಸಲ ತೋರಿಸ್ತಾರೆ ಅದನ್ನ?

ಹ್ಹೆ ಹ್ಹೆ, ಸರಿಯಾದ ಪ್ರಶ್ನೆ. ಮೂಲ ಸಿಯೆರಾ 1991ರದ್ದು, ಮುಂದೆ ಎರಡೇ ಬಾಗಿಲು, ಹಿಂದೆ ಛಾವಣಿವರೆಗೂ ಬಾಗಿದ ದೊಡ್ಡ ಗ್ಲಾಸು. ಆ ಗ್ಲಾಸ್ ನೋಡಿ ಬೆಳೆದವರಿಗೆ ಅದೊಂದು ಹುಚ್ಚು. 2020ರ ಆಟೋ ಎಕ್ಸ್‌ಪೋದಲ್ಲಿ ಟಾಟಾದವರು ಎಲೆಕ್ಟ್ರಿಕ್ ಕಾನ್ಸೆಪ್ಟ್ ಮಾಡಿ ನಿಲ್ಲಿಸಿದ್ರು. 2023ರಲ್ಲಿ ಐದು ಬಾಗಿಲು ಹಾಕಿ ಮತ್ತೆ ನಿಲ್ಲಿಸಿದ್ರು. 2025ರ ಜನವರಿಯಲ್ಲಿ ಪೆಟ್ರೋಲ್ ಡೀಸೆಲ್ ಇಂಜಿನ್ನಿನ ಮಾಡೆಲ್, ಹೆಚ್ಚುಕಮ್ಮಿ ರೋಡಿಗೆ ಬರೋ ರೂಪದಲ್ಲಿ ನಿಲ್ಲಿಸಿದ್ರು, ಆವತ್ತೂ ಬೆಲೆ ಇಲ್ಲ. ಕೊನೆಗೆ ನವೆಂಬರ್ 25ಕ್ಕೆ 11.49 ಲಕ್ಷ ಆರಂಭದ ಬೆಲೆ ಅಂತ ಹೇಳಿದ್ರು, ಡೆಲಿವರಿ 2026ರ ಜನವರಿ 15ರಿಂದ. ಮೊದಲ ಕಾನ್ಸೆಪ್ಟಿನಿಂದ ಲೆಕ್ಕ ಹಾಕಿ, ಐದು ವರ್ಷ ದಾಟುತ್ತೆ.

ಕಾದಿದ್ದಕ್ಕೆ ಸಾರ್ಥಕ ಆಯ್ತಾ ಅಂದ್ರೆ ಅದು ನಿಮಗೇನು ಬೇಕಿತ್ತು ಅನ್ನೋದ್ರ ಮೇಲೆ. ಆ ಬಾಗಿದ ಗ್ಲಾಸನ್ನ ಹಳೇ ತರ ಒಂದೇ ತುಂಡಾಗಿ ಕೊಟ್ಟಿಲ್ಲ, ಕಪ್ಪು ಬಣ್ಣ ಬಳಿದು ಗ್ಲಾಸಿನ ತರ ಕಾಣೋ ಹಾಗೆ ಮಾಡಿದಾರೆ. ಐದು ಬಾಗಿಲಿನ ಫ್ಯಾಮಿಲಿ ಕಾರಿಗೆ, ಈಗಿನ ಸೇಫ್ಟಿ ರೂಲ್ಸಿಗೆ ಅದು ಅನಿವಾರ್ಯ ಇರಬಹುದು. ಆದ್ರೂ ಹಳೇ ಅಭಿಮಾನಿಗಳ ಮುಖ ಸ್ವಲ್ಪ ಸಣ್ಣದಾಯ್ತು. ಕುಟುಂಬಕ್ಕೆ ಒಂದು ಗಟ್ಟಿ ಎಸ್‌ಯುವಿ ಬೇಕು ಅನ್ನೋರಿಗೆ ಅದೆಲ್ಲ ತಲೆಗೇ ಬರಲ್ಲ, ಅವರಿಗೆ ಡೀಸೆಲ್ ಸಿಕ್ಕಿದ್ದೇ ಖುಷಿ.

ಹ್ಯಾರಿಯರ್ ಇವಿ, ಅಂದ್ರೆ ಎಲೆಕ್ಟ್ರಿಕ್ ಹ್ಯಾರಿಯರ್?

2023ರಲ್ಲಿ ಕಾನ್ಸೆಪ್ಟ್, 2025ರ ಶೋದಲ್ಲಿ ಪ್ರೊಡಕ್ಷನ್ ರೂಪ, ಜೂನ್ 3ಕ್ಕೆ ಬೆಲೆ, 21.49 ಲಕ್ಷದಿಂದ. ಎರಡು ಮೋಟರ್ ಹಾಕಿ ನಾಲ್ಕೂ ಚಕ್ರ ತಿರುಗೋ ವೇರಿಯಂಟೂ ಇದೆ. ಟಾಟಾದವರು ತೋರಿಸಿದ್ದನ್ನ ಐದೇ ತಿಂಗಳಲ್ಲಿ ಮಾರಾಟಕ್ಕೆ ತಂದ್ರು, ಸಿಯೆರಾಗೆ ಹೋಲಿಸಿದ್ರೆ ರಾಕೆಟ್ ಸ್ಪೀಡು.

ಮಹೀಂದ್ರ ಬಿಇ 6 ಅಲ್ಲೇ ತಾನೇ ಮೊದಲು ತೋರಿಸಿದ್ದು?

ಅಲ್ಲ. ಬಿಇ 6, ಎಕ್ಸ್‌ಇವಿ 9ಇ ಎರಡೂ 2024ರ ನವೆಂಬರ್ 26ಕ್ಕೆ ಚೆನ್ನೈಯಲ್ಲಿ ಬಂದಿದ್ದು, 18.90 ಮತ್ತು 21.90 ಲಕ್ಷದಿಂದ. ಮೊದಲು ಬಿಇ 6ಇ ಅಂತ ಹೆಸರಿತ್ತು, ಇಂಡಿಗೋ ವಿಮಾನದವರು 6ಇ ನಮ್ಮದು ಅಂತ ಕೋರ್ಟಿಗೆ ಹೋದ್ಮೇಲೆ ಬಾಲ ಕತ್ತರಿಸಿ ಬಿಇ 6 ಮಾಡಿದ್ರು. ಜನವರಿ ಶೋದಲ್ಲಿ ಜನ ಮೊದಲ ಸಲ ಹತ್ತಿರದಿಂದ ನೋಡಿದ್ದು ನಿಜ, ಅದಕ್ಕೇ ಬಹಳ ಜನಕ್ಕೆ ಅಲ್ಲೇ ಬಂತು ಅನ್ನೋ ಭಾವನೆ.

3.25 ಲಕ್ಷಕ್ಕೆ ಸೋಲಾರ್ ಕಾರು ಅಂತ ವಾಟ್ಸಾಪಲ್ಲಿ ಬಂತು, ಪೆಟ್ರೋಲೂ ಬೇಡ ಚಾರ್ಜೂ ಬೇಡ ಅಂತೆ?

ಕಾರು ನಿಜ, ಕೊನೇ ಮಾತು ಸುಳ್ಳು. ಪುಣೆಯ ವೇವ್ ಅನ್ನೋ ಕಂಪನಿಯ ಇವಾ ಅಂತ ಚಿಕ್ಕ ಕಾರು ಅದು. 2023ರಲ್ಲೂ ತೋರಿಸಿದ್ರು, 2025ರಲ್ಲಿ ಬೆಲೆ ಹೇಳಿದ್ರು. ಉದ್ದ ಬರೀ 3 ಮೀಟರು ಚಿಲ್ಲರೆ, ಮುಂದೆ ಡ್ರೈವರ್ ಒಬ್ಬರೇ, ಹಿಂದೆ ಒಬ್ಬರು ದೊಡ್ಡವರು ಜೊತೆಗೊಂದು ಮಗು. ಟಾಪ್ ಸ್ಪೀಡ್ 70. ಬ್ಯಾಟರಿ 9, 12.6, 18 ಕಿಲೋವ್ಯಾಟ್ ಅವರ್ ಅಂತ ಮೂರು, ರೇಂಜ್ 125ರಿಂದ 250 ಕಿಲೋಮೀಟರ್.

ಈಗ ಸೋಲಾರ್ ಲೆಕ್ಕ. ಛಾವಣಿ ಮೇಲಿನ ಪ್ಯಾನೆಲಿಂದ ವರ್ಷಕ್ಕೆ 3000 ಕಿಲೋಮೀಟರ್ ತನಕ ಓಡಬಹುದು ಅಂತ ಕಂಪನಿನೇ ಹೇಳುತ್ತೆ, ಅಂದ್ರೆ ದಿನಕ್ಕೆ ಎಂಟು ಹತ್ತು ಕಿಲೋಮೀಟರು. ಅದೂ ಬಿಸಿಲಲ್ಲಿ ನಿಲ್ಲಿಸಿದ್ರೆ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಸೊನ್ನೆ. ಆಗುಂಬೆ ಕಡೆಯವರು ಜೂನ್ ಜುಲೈನಲ್ಲಿ ಪ್ಯಾನೆಲ್ ಇದೆ ಅನ್ನೋದನ್ನೇ ಮರೀಬಹುದು. ಮಿಕ್ಕಿದ್ದಕ್ಕೆ ಪ್ಲಗ್ ಹಾಕ್ಲೇಬೇಕು.

ಬೆಲೆಯಲ್ಲೂ ಒಂದು ಸೂಕ್ಷ್ಮ ಇದೆ, 3.25 ಲಕ್ಷ ಬ್ಯಾಟರಿ ಬಿಟ್ಟು, ಬ್ಯಾಟರಿಗೆ ಕಿಲೋಮೀಟರಿಗೆ 2 ರೂಪಾಯಿ ಬಾಡಿಗೆ. ಬ್ಯಾಟರಿ ಸಮೇತ ತಗೊಂಡ್ರೆ 3.99 ಲಕ್ಷದಿಂದ. ಊರೊಳಗೆ ಆಫೀಸು ಮನೆ ಓಡಾಡೋರಿಗೆ ಐಡಿಯಾ ಚೆನ್ನಾಗಿದೆ, ಆದ್ರೆ ಹೊಸ ಕಂಪನಿ, ಮೊದಲ ಗಾಡಿ, ನಮ್ಮೂರಲ್ಲಿ ಸರ್ವಿಸ್ ಎಲ್ಲಿ ಅಂತ ಕೇಳಿ ಆಮೇಲೆ ದುಡ್ಡು ಬಿಚ್ಚಿ.

ಹೊರಗಿನ ಕಂಪನಿಗಳು ಯಾವ್ಯಾವ್ದು ಬಂದಿದ್ವು?

ಗಮನಿಸಬೇಕಾದ್ದು ವಿಯೆಟ್ನಾಮಿನ ವಿನ್‌ಫಾಸ್ಟ್. ವಿಎಫ್ 6, ವಿಎಫ್ 7 ಅಂತ ಎರಡು ಎಲೆಕ್ಟ್ರಿಕ್ ಎಸ್‌ಯುವಿ ತಂದು ತೋರಿಸಿದ್ರು. ಇವರು ತೋರಿಸಿ ಸುಮ್ಮನಾಗಲಿಲ್ಲ, ತಮಿಳುನಾಡಿನ ತೂತ್ತುಕುಡಿಯಲ್ಲಿ ಫ್ಯಾಕ್ಟರಿ ಕಟ್ಟಿ ಆಗಸ್ಟಲ್ಲಿ ಓಪನ್ ಮಾಡಿದ್ರು, ಸೆಪ್ಟೆಂಬರ್ 6ಕ್ಕೆ ಬೆಲೆ ಹೇಳಿದ್ರು, ವಿಎಫ್ 6 16.49 ಲಕ್ಷ, ವಿಎಫ್ 7 20.89 ಲಕ್ಷ. ಹೆಸರೇ ಕೇಳಿರದ ಕಂಪನಿ ಹೀಗೆ ಹೇಳಿದ್ದನ್ನ ಮಾಡಿದ್ದು ನನಗಂತೂ ಆಶ್ಚರ್ಯ.

ಚೀನಾದ ಬಿವೈಡಿ ಸೀಲಯನ್ 7 ತೋರಿಸಿ ಮುಂದಿನ ತಿಂಗಳೇ 48.90 ಲಕ್ಷಕ್ಕೆ ಬಿಟ್ರು. ಎಂಜಿಯವರ ಸೈಬರ್‌ಸ್ಟರ್ ಕೆಂಪು ಸ್ಪೋರ್ಟ್ಸ್ ಕಾರು, ಬಟನ್ ಒತ್ತಿದ್ರೆ ಬಾಗಿಲು ರೆಕ್ಕೆ ತರ ಮೇಲಕ್ಕೇಳೋದು, ರೀಲ್ಸಿನಲ್ಲಿ ಎಲ್ಲರೂ ನೋಡಿರ್ತೀರ. ಸ್ಕೋಡಾದವರು ಆಕ್ಟೇವಿಯಾ ಆರ್‌ಎಸ್ ನಿಲ್ಲಿಸಿದ್ರು, ಅಕ್ಟೋಬರಲ್ಲಿ 49.99 ಲಕ್ಷಕ್ಕೆ ಬರೀ 100 ಕಾರು ತಂದ್ರು, ಬೆಲೆ ಹೇಳೋ ಮೊದಲೇ ನೂರೂ ಬುಕ್ ಆಗಿತ್ತು. ಬೆಲೆ ಕೇಳದೆ 50 ಲಕ್ಷದ ಕಾರು ಬುಕ್ ಮಾಡೋ ಜನ ಇದಾರೆ ನಮ್ಮಲ್ಲಿ.

ಬೆಂಜ್, ಬಿಎಂಡಬ್ಲ್ಯೂ?

ಬಿಎಂಡಬ್ಲ್ಯೂ ಹೊಸ ಎಕ್ಸ್3ಗೆ 75.80 ಲಕ್ಷ ಅಂದ್ರು, ಐಎಕ್ಸ್1 ಉದ್ದ ಮಾಡಿ ಚೆನ್ನೈಯಲ್ಲೇ ಜೋಡಿಸಿ 49 ಲಕ್ಷಕ್ಕೆ ಬಿಟ್ರು. ಇದನ್ನ ಜನ ಗಮನಿಸಲಿಲ್ಲ ಅನ್ಸುತ್ತೆ, ಹಿಂದಿನ ಸೀಟಲ್ಲಿ ಕಾಲು ಚಾಚೋ ಜಾಗ ಇರೋ ಬಿಎಂಡಬ್ಲ್ಯೂ ಈ ಬೆಲೆಗೆ ಅಂದ್ರೆ ದೊಡ್ಡ ವಿಷ್ಯನೇ. ಬೆಂಜಿನವರು ಸಿಎಲ್‌ಎ ಕಾನ್ಸೆಪ್ಟ್ ತೋರಿಸಿದ್ರು. ಕೋಟಿ ಮೇಲಿನವು ಬೇರೆ ಇದ್ವು, ಅದನ್ನ ಕೇಳಿದವರು ಇದುವರೆಗೂ ಯಾರೂ ಇಲ್ಲ, ಬಿಡಿ.

ಟೂ ವೀಲರಲ್ಲಿ ಏನಾದ್ರೂ ಬಂತಾ? ಎಲ್ಲರೂ ಕಾರೇ ಬರೀತಾರೆ.

ಬಂತು, ಮತ್ತೆ ಕರ್ನಾಟಕಕ್ಕೆ ಹತ್ತಿರದ್ದೂ ಇದೇ.

ಹೋಂಡಾ ಆಕ್ಟಿವಾ ಎಲೆಕ್ಟ್ರಿಕ್. ಪರದೆ ತೆಗೆದಿದ್ದು 2024ರ ನವೆಂಬರ್ 27ಕ್ಕೆ ಬೆಂಗಳೂರಲ್ಲಿ, ಬೆಲೆ ಹೇಳಿದ್ದು ದಿಲ್ಲಿ ಶೋದಲ್ಲಿ, 1.17 ಲಕ್ಷ. ಜೊತೆಗೆ ಕ್ಯೂಸಿ1 ಅಂತ ಇನ್ನೊಂದು, 90 ಸಾವಿರ. ಎರಡೂ ತಯಾರಾಗಿದ್ದು ಕೋಲಾರ ಜಿಲ್ಲೆ ನರಸಾಪುರದ ಫ್ಯಾಕ್ಟರಿಯಲ್ಲಿ. ತಗೊಳ್ಳೋ ಮೊದಲು ಇದನ್ನ ತಿಳ್ಕೊಳ್ಳಿ, ಆಕ್ಟಿವಾಗೆ ಮನೆಯಲ್ಲಿ ಪ್ಲಗ್ ಹಾಕೋಕಾಗಲ್ಲ, ಸೀಟ್ ಕೆಳಗೆ ಎರಡು ಬ್ಯಾಟರಿ ಡಬ್ಬ ಇರುತ್ತೆ, ಖಾಲಿ ಆದಾಗ ಹೋಂಡಾ ಸ್ಟೇಷನ್ನಿಗೆ ಹೋಗಿ ಖಾಲಿದು ಕೊಟ್ಟು ತುಂಬಿದ್ದು ತಗೋಬೇಕು. ಒಂದು ಸಲಕ್ಕೆ 102 ಕಿಲೋಮೀಟರ್ ಅಂತಾರೆ. ಬೆಂಗಳೂರಲ್ಲಿ ನಿಮ್ಮ ಏರಿಯಾದಲ್ಲಿ ಸ್ಟೇಷನ್ ಇದ್ರೆ ಸರಿ, ತುಮಕೂರಲ್ಲೋ ಹಾಸನದಲ್ಲೋ ಇರೋರು ಸ್ಟೇಷನ್ ಎಲ್ಲಿದೆ ಅಂತ ಪಕ್ಕಾ ಮಾಡ್ಕೊಳ್ಳದೆ ಆಸೆ ಪಡ್ಬೇಡಿ. ಕ್ಯೂಸಿ1 ಮನೆಯಲ್ಲೇ ಚಾರ್ಜ್ ಆಗುತ್ತೆ, 80 ಕಿಲೋಮೀಟರ್.

ಎರಡನೇದು, ನಮ್ಮ ಪಕ್ಕದ ಹೊಸೂರಿನ ಟಿವಿಎಸ್. ಜ್ಯೂಪಿಟರ್ 125 ಸಿಎನ್‌ಜಿ, ಪ್ರಪಂಚದ ಮೊದಲ ಸಿಎನ್‌ಜಿ ಸ್ಕೂಟರ್ ಅಂತ ತೋರಿಸಿದ್ರು. ಸೀಟ್ ಎತ್ತಿದ್ರೆ ಹೆಲ್ಮೆಟ್ ಇಡೋ ಜಾಗದಲ್ಲಿ 1.4 ಕೆಜಿ ಗ್ಯಾಸ್ ಸಿಲಿಂಡರ್ ಮಲಗಿದೆ, ಮೇಲೆ ಪ್ಲಾಸ್ಟಿಕ್ ಮುಚ್ಚಳ, ಅದರಲ್ಲೊಂದು ಪ್ರೆಷರ್ ಮೀಟರು. ಜೊತೆಗೆ 2 ಲೀಟರ್ ಪೆಟ್ರೋಲ್ ಟ್ಯಾಂಕು, ಎರಡೂ ಸೇರಿ 226 ಕಿಲೋಮೀಟರ್ ಓಡುತ್ತೆ ಅಂತ ಕಂಪನಿ ಲೆಕ್ಕ. ಉಳಿತಾಯ ಚೆನ್ನಾಗಿದೆ, ಆದ್ರೆ ಸ್ಕೂಟರ್ ತಗೊಳ್ಳೋದೇ ಸೀಟ್ ಕೆಳಗೆ ತರಕಾರಿ, ಟಿಫಿನ್ ಬಾಕ್ಸ್, ರೇನ್‌ಕೋಟ್ ತುಂಬೋಕೆ, ಆ ಜಾಗ ಪೂರ್ತಿ ಹೋಯ್ತು ಅಂದ್ರೆ ಮನೆಯವರನ್ನ ಒಪ್ಪಿಸೋದು ಕಷ್ಟ. ಶೋದಲ್ಲಿ ತೋರಿಸಿದ್ದು ಕಾನ್ಸೆಪ್ಟ್ ಅಂತಾನೇ, ಬೆಲೆ ಹೇಳಲಿಲ್ಲ.

ಹೀರೋದವರು ಸುಮ್ಮನೆ ಒಂದಲ್ಲ ನಾಲ್ಕು ಬೆಲೆ ಹೇಳಿದ್ರು, ಎಕ್ಸ್‌ಪಲ್ಸ್ 210, ಎಕ್ಸ್‌ಟ್ರೀಮ್ 250ಆರ್, ಝೂಮ್ 125, ಝೂಮ್ 160. ಇದ್ರಲ್ಲಿ ಎಕ್ಸ್‌ಪಲ್ಸ್ 1.76 ಲಕ್ಷ. ಚಿಕ್ಕಮಗಳೂರು ಸಕಲೇಶಪುರ ಕಡೆ ಕಚ್ಚಾ ರಸ್ತೆ ಸುತ್ತೋ ಹುಡುಗರು ಹಳೇ 200 ಇಟ್ಕೊಂಡು ಕಾಯ್ತಿದ್ದಿದ್ದೇ ಇದಕ್ಕೆ. ಸುಜುಕಿ ಇ ಆಕ್ಸೆಸ್ ತೋರಿಸಿದ್ರು, ಅದಕ್ಕೆ ಆವತ್ತು ಬೆಲೆ ಬರಲಿಲ್ಲ.

ಹಾರೋ ಟ್ಯಾಕ್ಸಿ ಬೆಂಗಳೂರಿಗೆ ಬರುತ್ತೆ ಅಂದ್ರಲ್ಲ, ಅದೂ ಇದೇ ಶೋದಲ್ಲಾ?

ಹೌದು, ಸರಳಾ ಏವಿಯೇಷನ್ ಅಂತ ಬೆಂಗಳೂರಿನ ಸ್ಟಾರ್ಟಪ್. ವಿಮಾನ ಹಾರಿಸಿದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರಾದ ಸರಳಾ ಠುಕ್ರಾಲ್ ಅವರ ಹೆಸರು ಇಟ್ಟಿದಾರೆ. ಶೂನ್ಯ ಅನ್ನೋ ಏರ್ ಟ್ಯಾಕ್ಸಿಯ ಪ್ರೋಟೋಟೈಪ್ ತಂದು ನಿಲ್ಲಿಸಿದ್ರು, ಹೆಲಿಕಾಪ್ಟರ್ ತರ ನೇರ ಮೇಲೇಳುತ್ತೆ, ಆರು ಜನ ಪ್ಯಾಸೆಂಜರು, ಗಂಟೆಗೆ 250 ಕಿಲೋಮೀಟರ್ ಸ್ಪೀಡ್, 20ರಿಂದ 30 ಕಿಲೋಮೀಟರಿನ ಚಿಕ್ಕ ಚಿಕ್ಕ ಟ್ರಿಪ್ಪಿಗೆ. 2028ಕ್ಕೆ ಬೆಂಗಳೂರಿನಿಂದಲೇ ಶುರು ಅನ್ನೋದು ಅವರ ಪ್ಲಾನ್.

ಸಿಲ್ಕ್ ಬೋರ್ಡಲ್ಲಿ ನಿಂತು ಮೇಲೆ ನೋಡ್ತಾ ಕಾಯೋದೇನೂ ಬೇಡ. ವಿಮಾನಯಾನ ಇಲಾಖೆಯ ಸರ್ಟಿಫಿಕೇಟ್ ಬೇಕು, ಇಳಿಯೋಕೆ ಹತ್ತೋಕೆ ಜಾಗ ಬೇಕು, ಇವೆಲ್ಲ ಕಾರಿನ ಟೈಮ್‌ಟೇಬಲ್ಲಿಗೆ ನಡೆಯಲ್ಲ. ಆದ್ರೂ ನಮ್ಮೂರ ಹುಡುಗರು ಅಂಥಾ ಸ್ಟೇಜಲ್ಲಿ ಅಷ್ಟು ದೊಡ್ಡ ಮಷೀನ್ ತಂದು ನಿಲ್ಲಿಸಿದ್ರಲ್ಲ, ಹೆಮ್ಮೆ ಆಗುತ್ತೆ.

500 ಕಿಲೋಮೀಟರ್ ರೇಂಜ್ ಅಂದ್ರೆ ಬೆಂಗಳೂರಿಂದ ಹುಬ್ಬಳ್ಳಿಗೆ ಒಂದೇ ಚಾರ್ಜಲ್ಲಿ ಹೋಗ್ಬಹುದಲ್ವಾ?

ಬೋರ್ಡ್ ಮೇಲೆ ಬರೆದಿದ್ದ ನಂಬರು ಲ್ಯಾಬಿನದ್ದು. ರೋಲರ್ ಮೇಲೆ ಗಾಡಿ ನಿಲ್ಲಿಸಿ ಗೊತ್ತುಮಾಡಿದ ಸ್ಪೀಡಲ್ಲಿ ಏರಿಸಿ ಇಳಿಸಿ ಓಡಿಸ್ತಾರೆ, ಎಂಐಡಿಸಿ ಅಂತ ಅದರ ಹೆಸರು. ಹೈವೇಯಲ್ಲಿ ನೂರರಲ್ಲಿ ಎಸಿ ಹಾಕ್ಕೊಂಡು ನಾಲ್ಕು ಜನ ಲಗೇಜ್ ಸಮೇತ ಹೋಗೋದು ಬೇರೆ ವಿಷ್ಯ. ಹ್ಯಾರಿಯರ್ ಇವಿಗೆ 627 ಅಂತ ಹೇಳಿದ ಟಾಟಾದವರೇ ರೋಡಲ್ಲಿ 500ರ ಆಸುಪಾಸು ನಿರೀಕ್ಷಿಸಿ ಅಂತ ಪಕ್ಕದಲ್ಲೇ ಇನ್ನೊಂದು ನಂಬರ್ ಕೊಟ್ಟಿದ್ರು, ಅದು ಒಳ್ಳೇ ಪದ್ಧತಿ, ಎಲ್ಲರೂ ಮಾಡ್ಬೇಕು.

ಇವಿಗೆ ಊರೊಳಗಿನ ಟ್ರಾಫಿಕ್ಕೇ ಲಾಭ, ಬ್ರೇಕ್ ಹಾಕಿದಾಗ ಸ್ವಲ್ಪ ಕರೆಂಟ್ ವಾಪಸ್ ಬ್ಯಾಟರಿಗೆ ಬರುತ್ತೆ. ಹೈವೇಯಲ್ಲಿ ಗಾಳಿ ವಿರುದ್ಧ ಒದ್ದಾಡೋದ್ರಲ್ಲೇ ಜಾಸ್ತಿ ಹೋಗುತ್ತೆ. ಪೆಟ್ರೋಲ್ ಗಾಡಿಗೆ ಉಲ್ಟಾ, ಹಾಗಾಗಿ ಹಳೇ ಅಭ್ಯಾಸದ ಲೆಕ್ಕ ಇಲ್ಲಿ ನಡೆಯಲ್ಲ. ಹುಬ್ಬಳ್ಳಿ 400 ಚಿಲ್ಲರೆ ಕಿಲೋಮೀಟರ್, ಬೋರ್ಡಲ್ಲಿ 473 ಅಂತಿರೋ ಕಾರಲ್ಲಿ ದಾವಣಗೆರೆ ಹತ್ರ ಬೆಣ್ಣೆ ದೋಸೆ ತಿನ್ನೋ ಹೊತ್ತಿಗೆ ಚಾರ್ಜಿಗೆ ಹಾಕೋ ಪ್ಲಾನ್ ಇಟ್ಕೊಳ್ಳಿ. ಮಂಗಳೂರಿಗಾದ್ರೆ ಹೋಗ್ತಾ ಶಿರಾಡಿ ಇಳಿಯೋವಾಗ ಸುಖ, ಬರ್ತಾ ಹತ್ತೋವಾಗ ಪರ್ಸೆಂಟ್ ಕರಗೋದು ಕಣ್ಣಿಗೆ ಕಾಣುತ್ತೆ.

ಶೋದಲ್ಲಿ ಹೇಳಿದ ಬೆಲೆಗೂ ನಮ್ಮ ಡೀಲರ್ ಹೇಳೋ ಬೆಲೆಗೂ ಯಾಕಿಷ್ಟು ಫರಕ್ಕು?

ಸ್ಟೇಜ್ ಮೇಲೆ ಹೇಳೋದು ಎಕ್ಸ್ ಶೋರೂಮ್. ಅದರ ಮೇಲೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಫಾಸ್ಟ್ಯಾಗ್, ಡೀಲರ್ ತುರುಕೋ ಆಕ್ಸೆಸರಿ. ನಮ್ಮ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಅಂತೂ ದೇಶದಲ್ಲೇ ಭಾರೀ, ಪೆಟ್ರೋಲ್ ಡೀಸೆಲ್ ಕಾರಿಗೆ ಬೆಲೆ ನೋಡ್ಕೊಂಡು 13ರಿಂದ 18 ಪರ್ಸೆಂಟು, ಮೇಲೆ ಸೆಸ್ಸು. 18 ಲಕ್ಷದ ಪೆಟ್ರೋಲ್ ಗಾಡಿಗೆ 17 ಪರ್ಸೆಂಟ್ ಹಾಕಿ, ಬರೀ ಟ್ಯಾಕ್ಸೇ 3 ಲಕ್ಷ ದಾಟುತ್ತೆ.

ಎಲೆಕ್ಟ್ರಿಕ್ಕಿಗೆ ಮೊದಲು ಪೂರ್ತಿ ಮಾಫಿ ಇತ್ತು, 2024ರಲ್ಲಿ 25 ಲಕ್ಷ ಮೇಲಿನ ಇವಿಗಳಿಗೆ 10 ಪರ್ಸೆಂಟ್ ಹಾಕಿದ್ರು. ಹಾಗಾಗಿ ಶೋ ನಡೆದ ಟೈಮಲ್ಲಿ 17.99 ಲಕ್ಷದ ಕ್ರೆಟಾ ಎಲೆಕ್ಟ್ರಿಕ್ಕಿಗೆ ಲೈಫ್‌ಟೈಮ್ ಟ್ಯಾಕ್ಸ್ ಇಲ್ಲ, 48.90 ಲಕ್ಷದ ಸೀಲಯನ್ನಿಗೆ ಸುಮಾರು 4.89 ಲಕ್ಷ. ಎರಡು ಕಾರಿನ ಬೆಲೆ ಹೋಲಿಸೋವಾಗ ಇದನ್ನ ಬಿಟ್ರೆ ಲೆಕ್ಕ ಪೂರ್ತಿ ತಪ್ಪುತ್ತೆ. ಈ ರೂಲ್ಸ್ ಬದಲಾಗ್ತಾನೇ ಇರುತ್ತೆ, ಬುಕ್ ಮಾಡೋ ದಿನ ಆರ್‌ಟಿಓ ರೇಟ್ ಎಷ್ಟು ಅಂತ ಕೇಳಿ ಬರೆಸ್ಕೊಳ್ಳಿ. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ಚಿಕ್ಕ ಪೆಟ್ರೋಲ್ ಕಾರಿಗೆ 18, ದೊಡ್ಡದಕ್ಕೆ 40 ಪರ್ಸೆಂಟ್ ಆಯ್ತು, ಇವಿಗೆ 5 ಹಾಗೇ ಉಳೀತು. ಜನವರಿಯ ಶೋದಲ್ಲಿ ಹೇಳಿದ ಪೆಟ್ರೋಲ್ ಗಾಡಿ ಬೆಲೆ ಹಿಡ್ಕೊಂಡು ಈಗ ಜಗಳ ಮಾಡೋದ್ರಲ್ಲಿ ಅರ್ಥ ಇಲ್ಲ.

ಶೋದಲ್ಲಿ ನೋಡಿದ ಕಾರೇ ಹಾಗೇ ಮನೆಗೆ ಬರುತ್ತಾ?

ಹತ್ತಿರ ಹೋಗಿ ಇಷ್ಟು ನೋಡಿ. ಸೈಡ್ ಮಿರರ್ ಜಾಗದಲ್ಲಿ ತೆಳ್ಳಗಿನ ಕ್ಯಾಮೆರಾ ಕಡ್ಡಿ ಇದ್ರೆ, ಟೈರು ಬಾಡಿಗಿಂತ ಅಗಲ ಕಾಣಿಸಿದ್ರೆ, ಗ್ಲಾಸು ಒಳಗೇನೂ ಕಾಣದಷ್ಟು ಕಪ್ಪಿದ್ರೆ, ಬಾಗಿಲಿಗೆ ಹಿಡಿಕೆನೇ ಇಲ್ಲದಿದ್ರೆ, ಅದು ಕಾನ್ಸೆಪ್ಟ್, ಮಾರಾಟಕ್ಕೆ ಬರೋ ಹೊತ್ತಿಗೆ ಅರ್ಧ ಹೋಗಿರುತ್ತೆ. ವೈಪರ್ ಇದ್ಯಾ, ನಂಬರ್ ಪ್ಲೇಟಿಗೆ ಜಾಗ ಬಿಟ್ಟಿದಾರಾ, ಡೋರ್ ತೆಗೆದು ಒಳಗೆ ಕೂರೋಕೆ ಬಿಡ್ತಾರಾ, ಹೌದು ಅಂದ್ರೆ ಬಹಳ ದೂರ ಇಲ್ಲ. ವೈಪರ್ ಅಂದ್ರೆ ನಗ್ತೀರ, ಆದ್ರೆ ಕಾನ್ಸೆಪ್ಟ್ ಮಾಡೋರು ಮೊದಲು ಮರೆಯೋದೇ ಮಳೆನ.

ಅಲ್ಲೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಸಿಗುತ್ತಾ? ಟೆಸ್ಟ್ ಡ್ರೈವ್?

ಡಿಸ್ಕೌಂಟ್ ಆಸೆಗೆ ದಿಲ್ಲಿಗೆ ಹೋಗೋದು ಬೇಡ. ಗಾಡಿ ರಿಜಿಸ್ಟರ್ ಆಗೋದು ನಿಮ್ಮೂರ ಆರ್‌ಟಿಓದಲ್ಲಿ, ಡೆಲಿವರಿ ನಿಮ್ಮೂರ ಡೀಲರ್ ಹತ್ರ, ಚೌಕಾಸಿ ಏನಿದ್ರೂ ಇಲ್ಲೇ. ನಿಂತಿರೋ ಹೊಸ ಗಾಡಿ ಓಡಿಸೋಕೂ ಕೊಡಲ್ಲ, ಕೂರೋಕೆ ಬಿಟ್ರೆ ಅದೇ ದೊಡ್ಡದು. ಕೂತಾಗ ಸ್ಕ್ರೀನ್ ಒತ್ತಿ ಆಡೋ ಬದಲು ಹಿಂದಿನ ಸೀಟಿಗೆ ಹೋಗಿ, ತಲೆ ಛಾವಣಿಗೆ ತಾಗುತ್ತಾ, ಮಂಡಿ ಎಷ್ಟು ಮೇಲಕ್ಕೆ ಬರುತ್ತೆ ನೋಡಿ. ಇವಿಗಳಲ್ಲಿ ಬ್ಯಾಟರಿ ನೆಲದಲ್ಲಿರೋದ್ರಿಂದ ಕೆಲವು ಕಾರಲ್ಲಿ ನೆಲ ಎತ್ತರ ಆಗಿ ತೊಡೆ ಸೀಟಿಗೆ ತಾಗದೆ ತೇಲುತ್ತೆ, ದೂರದ ಪ್ರಯಾಣದಲ್ಲಿ ಹಿರಿಯರಿಗೆ ಹಿಂಸೆ. ಇದನ್ನ ಯಾವ ರೀಲೂ ತೋರಿಸಲ್ಲ.

ಮುಂದಿನ ಸಲ ನಾವೂ ಹೋಗ್ಬೇಕು ಅಂತಿದೀವಿ, ಏನು ಟಿಪ್ಸ್?

2025ರಲ್ಲಿ ಎಂಟ್ರಿ ಫ್ರೀ ಇತ್ತು, ಆನ್‌ಲೈನಲ್ಲಿ ರಿಜಿಸ್ಟರ್ ಮಾಡ್ಕೊಂಡು ಹೋದ್ರೆ ಸಾಕಿತ್ತು. ಮೊದಲ ಎರಡು ದಿನ ಮೀಡಿಯಾ, ಡೀಲರ್ ಅಂತ, ನಮ್ಮಂಥವರಿಗೆ 19ರಿಂದ. 19 ಭಾನುವಾರ ಬಂದಿತ್ತು, ಫ್ರೀ ಬೇರೆ, ಜನಜಾತ್ರೆ ಹೇಗಿರುತ್ತೆ ಊಹಿಸ್ಕೊಳ್ಳಿ. ಆದಷ್ಟು ವಾರದ ಮಧ್ಯೆ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಮೆಟ್ರೋ ಬ್ಲೂ ಲೈನಲ್ಲಿ ಸುಪ್ರೀಂ ಕೋರ್ಟ್ ಸ್ಟೇಷನ್ ಅಂತ ಇಳೀಬೇಕು, ಹಳೇ ಹೆಸರು ಪ್ರಗತಿ ಮೈದಾನ. ಸ್ವಂತ ಗಾಡಿ, ಕ್ಯಾಬ್ ಅಂತ ಹೋದ್ರೆ ಶೋಗಿಂತ ಜಾಸ್ತಿ ಕಾರು ಹೊರಗಿನ ರೋಡಲ್ಲೇ ನೋಡ್ತೀರ.

ಜನವರಿ ದಿಲ್ಲಿ ಅಂದ್ರೆ ಮಂಜು, ಬೆಳಗಿನ ಫ್ಲೈಟು, ಉತ್ತರದ ಕಡೆಯ ರೈಲು ಎಲ್ಲ ಲೇಟು, ಹಾಗಾಗಿ ಶೋ ದಿನವೇ ಬೆಳಿಗ್ಗೆ ಇಳಿಯೋ ಹಾಗೆ ಟಿಕೆಟ್ ಹಾಕ್ಬೇಡಿ, ಹಿಂದಿನ ದಿನ ತಲುಪಿ. ಸ್ವೆಟರ್ ಬೇಕು, ಆದ್ರೆ ಹಾಲ್ ಒಳಗೆ ಜನದ ಬಿಸಿಗೆ ಬೆವರ್ತೀರ, ಬಿಚ್ಚಿ ಇಡೋಕೆ ಬ್ಯಾಗ್ ಇರ್ಲಿ. ಬೂಟು ಹಳೇದು, ಕಾಲಿಗೆ ಒಗ್ಗಿದ್ದು ಹಾಕ್ಕೊಳ್ಳಿ. ಮತ್ತೆ ಫೋನ್ ಪೂರ್ತಿ ಚಾರ್ಜ್ ಮಾಡ್ಕೊಂಡು ಹೋಗಿ, ಅಷ್ಟೊಂದು ಎಲೆಕ್ಟ್ರಿಕ್ ಕಾರಿನ ಮಧ್ಯೆ ಫೋನಿಗೊಂದು ಪ್ಲಗ್ ಪಾಯಿಂಟ್ ಹುಡುಕೋದೇ ದೊಡ್ಡ ಸಾಹಸ.